ಚೀನೀ ಭಾಷೆಯಲ್ಲಿ ಗಂಟೆ ಹೇಳುವುದು: ‘ಏಳೂಮುಕ್ಕಾಲು’ ಎನ್ನಬಲ್ಲವರಿಗೆ ಇದು ಇಷ್ಟು ಕಷ್ಟವಾಗಬೇಕೇ?

ಮೂರನೇ ಪಾಠದವನು

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಬೆಂಗಳೂರಿನ ಒಂದು ಸಂಜೆ ತರಗತಿಯಲ್ಲಿ ಚೀನೀ ಭಾಷೆಯನ್ನು, ಅಂದರೆ ಮ್ಯಾಂಡರಿನ್ ಅನ್ನು, ಕಲಿಯುತ್ತಿದ್ದೇನೆ. ನೂರರವರೆಗೆ ಎಣಿಸುವುದು ಮೊದಲ ವಾರದಲ್ಲೇ ಬಂತು. ಹತ್ತರವರೆಗಿನ ಹೆಸರುಗಳು ಬಾಯಿಪಾಠವಾದರೆ ‘ಹತ್ತು-ಒಂದು’, ‘ಎರಡು-ಹತ್ತು-ಮೂರು’ ಎಂದು ಜೋಡಿಸುತ್ತ ಹೋದರಾಯಿತು. ಎಣಿಕೆ ಬಂದ ಮೇಲೆ ಗಡಿಯಾರದ ಪಾಠ ಒಂದು ದಿನದ ಕೆಲಸವೆಂದುಕೊಂಡಿದ್ದೆ. ಮೂರು ವಾರ ಕಳೆದರೂ ನಾನು ಅದೇ ಪುಟದಲ್ಲಿದ್ದೇನೆ.

ಹೋಂವರ್ಕ್‌ನಲ್ಲಿ ‘ನಿನ್ನೆ ಎರಡು ಗಂಟೆ ಓದಿದೆ’ ಎಂಬ ವಾಕ್ಯವಿತ್ತು. ಎರಡಕ್ಕೆ ‘ಅರ್’, ಗಂಟೆಗೆ ‘ತ್ಯೆನ್’ ಎಂದು ಕಲಿತಿದ್ದೆನಾದ್ದರಿಂದ ‘ಅರ್ ತ್ಯೆನ್’ ಎಂದು ಬರೆದೆ. ಅಧ್ಯಾಪಕರು ಆ ಎರಡು ಪದಗಳ ಕೆಳಗೆ ಬೇರೆ ಬೇರೆಯಾಗಿ ಎರಡು ಕೆಂಪು ಗೆರೆ ಎಳೆದು ಹಿಂದಿರುಗಿಸಿದರು. ಇದ್ದದ್ದು ಎರಡು ಪದ, ತಪ್ಪೂ ಎರಡು. ಪಠ್ಯಪುಸ್ತಕದ ವಿವರಣೆ ಇಂಗ್ಲಿಷಿನಲ್ಲಿದೆ; ಅದನ್ನು ಓದಿ ಮೊದಲು ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ, ಮತ್ತೆ ಚೀನೀಗೆ ಹೋಗಿ ಬರುವಷ್ಟರಲ್ಲಿ ಗಡಿಯಾರದ ಮುಳ್ಳೇ ಮುಂದೆ ಹೋಗಿರುತ್ತದೆ. ಕನ್ನಡದಿಂದ ನೇರವಾಗಿ ಕಲಿಯುವ ದಾರಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಸಂಜೆ ತರಗತಿಯ ಬೋಧಕಿ

ನಾನು ನಿಮ್ಮ ಅಧ್ಯಾಪಕಳಲ್ಲ, ಆದರೆ ಆ ಎರಡು ಗೆರೆಗಳನ್ನು ನಾನೂ ಎಷ್ಟೋ ಸಲ ಎಳೆದಿದ್ದೇನೆ. ಅವುಗಳಿಂದಲೇ ಶುರು ಮಾಡುತ್ತೇನೆ.

ಮೊದಲನೆಯ ಗೆರೆ ‘ಅರ್’ ಎಂಬುದಕ್ಕೆ. ಬರೀ ಎಣಿಸುವಾಗ ಎರಡು ‘ಅರ್’. ಯಾವುದನ್ನಾದರೂ ಎಣಿಸುವಾಗ ಅದು ‘ಲ್ಯಾಂಗ್’ ಆಗುತ್ತದೆ. ಕನ್ನಡದಲ್ಲೂ ಎಣಿಸುವಾಗ ಎರಡು ಎಂದರೂ ಮನುಷ್ಯರ ಲೆಕ್ಕಕ್ಕೆ ಬಂದರೆ ಇಬ್ಬರು ಎನ್ನುತ್ತೇವಲ್ಲ, ಅದೇ ಜಾತಿಯ ಬದಲಾವಣೆ ಎಂದುಕೊಳ್ಳಿ. ಹಾಗಾಗಿ ಎರಡು ಗಂಟೆ ‘ಲ್ಯಾಂಗ್ ತ್ಯೆನ್’. ಆದರೆ ಹನ್ನೆರಡು ಗಂಟೆ ‘ಷಿ-ಅರ್ ತ್ಯೆನ್’ ಆಗಿಯೇ ಉಳಿಯುತ್ತದೆ, ಏಕೆಂದರೆ ಅಲ್ಲಿ ಎರಡು ಒಂದು ದೊಡ್ಡ ಸಂಖ್ಯೆಯ ಬಾಲವಾಗಿದೆ. ಎರಡು ಗಂಟೆ ಎರಡು ನಿಮಿಷ ಎನ್ನುವುದನ್ನು ನನ್ನ ವಿದ್ಯಾರ್ಥಿಗಳಿಗೆ ಬೇಕೆಂದೇ ಕೊಡುತ್ತೇನೆ: ‘ಲ್ಯಾಂಗ್ ತ್ಯೆನ್ ಲಿಂಗ್ ಅರ್ ಫನ್’. ಒಂದೇ ಸಮಯದಲ್ಲಿ ಎರಡು ಬಗೆಯ ಎರಡು, ನಡುವೆ ಒಂದು ಸೊನ್ನೆ. ಹತ್ತಕ್ಕಿಂತ ಕಡಿಮೆ ನಿಮಿಷಗಳಿದ್ದಾಗ ಆ ‘ಲಿಂಗ್’ ಎಂಬ ಸೊನ್ನೆಯನ್ನು ಹೇಳುವುದೇ ರೂಢಿ.

ಎರಡನೆಯ ಗೆರೆ ಹೆಚ್ಚು ಮುಖ್ಯ. ಕನ್ನಡದ ‘ಗಂಟೆ’ ಎರಡು ಕೆಲಸ ಮಾಡುತ್ತದೆ. ‘ಎರಡು ಗಂಟೆಗೆ ಓದಿದೆ’ ಎಂದರೆ ಗಡಿಯಾರದ ಮೇಲಿನ ಒಂದು ಜಾಗ. ‘ಎರಡು ಗಂಟೆ ಓದಿದೆ’ ಎಂದರೆ ಕಳೆದ ಕಾಲ. ನಮಗೆ ಈ ವ್ಯತ್ಯಾಸವನ್ನು ತಿಳಿಸುವುದು ಕೊನೆಯಲ್ಲಿ ಹತ್ತುವ ‘-ಗೆ’ ಒಂದೇ. ಚೀನೀ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯಗಳಿಲ್ಲ. ಆದ್ದರಿಂದ ಅಲ್ಲಿ ಪದವೇ ಬದಲಾಗಬೇಕು. ಗಡಿಯಾರದ ಮೇಲಿನ ಜಾಗ ‘ತ್ಯೆನ್’, ಕಳೆದ ಕಾಲ ‘ಶ್ಯಾವ್‌ಷಿ’. ನಿಮ್ಮ ವಾಕ್ಯಕ್ಕೆ ಬೇಕಾಗಿದ್ದದ್ದು ‘ಲ್ಯಾಂಗ್ ಕ ಶ್ಯಾವ್‌ಷಿ’ (ನಡುವಿನ ‘ಕ’ ಸಂಖ್ಯೆಯನ್ನು ಎಣಿಸುವ ವಸ್ತುವಿಗೆ ಜೋಡಿಸುವ ಪದ). ನಿಮಿಷಕ್ಕೂ ಹೀಗೆಯೇ: ಗಡಿಯಾರದಲ್ಲಿ ‘ಫನ್’, ಕಾಲದ ಅಳತೆಯಲ್ಲಿ ‘ಫನ್‌ಚುಂಗ್’.

ಇನ್ನು ನಿಮ್ಮ ಶೀರ್ಷಿಕೆಯ ‘ಏಳೂಮುಕ್ಕಾಲು’. ಇಂಗ್ಲಿಷಿನವರು ಇದನ್ನು ಎಂಟರ ಕಡೆಯಿಂದ ಹಿಂದಕ್ಕೆ ಎಣಿಸುತ್ತಾರೆ. ಚೀನೀಯರು ಏಳರ ಕಡೆಯಿಂದಲೇ ‘ಛೀ ತ್ಯೆನ್ ಸಾನ್ ಖ’ ಎನ್ನುತ್ತಾರೆ. ‘ಖ’ ಎಂದರೆ ಕಾಲು ಗಂಟೆ, ‘ಸಾನ್’ ಎಂದರೆ ಮೂರು. ಮೂರು ಕಾಲು ಸೇರಿ ಮುಕ್ಕಾಲು ಆದ ನಮ್ಮ ಪದವನ್ನು ಬಿಡಿಸಿ ಬರೆದ ಹಾಗೆಯೇ ಇದೆ. ಏಳೂಕಾಲು ‘ಛೀ ತ್ಯೆನ್ ಯೀ ಖ’, ಏಳೂವರೆ ‘ಛೀ ತ್ಯೆನ್ ಪಾನ್’. ಎರಡು ಕಾಲಿಗೆ ‘ಲ್ಯಾಂಗ್ ಖ’ ಎಂದು ಯಾರೂ ಹೇಳುವುದಿಲ್ಲ. ನಾವೂ ‘ಎರಡು ಕಾಲು’ ಎನ್ನದೆ ಅರ್ಧ ಎನ್ನುತ್ತೇವೆ. ಇಷ್ಟು ಸಲೀಸಾದ ದಾರಿ ಮನೆಯಲ್ಲೇ ಇರುವಾಗ ಇಂಗ್ಲಿಷನ್ನು ಸುತ್ತಿಕೊಂಡು ಹೋಗುವುದು ನನಗೆ ಎಂದೂ ಅರ್ಥವಾಗಿಲ್ಲ.

ಹುಬ್ಬಳ್ಳಿಯಿಂದ ಗುವಾಂಗ್‌ಝೌಗೆ

ಮೇಡಂ ಬರೆದದ್ದರಲ್ಲಿ ಒಂದು ತಿದ್ದುಪಡಿ ಸೂಚಿಸಬಹುದೇ? ‘ಕನ್ನಡದ ಗಂಟೆ ಎರಡು ಕೆಲಸ ಮಾಡುತ್ತದೆ’ ಎಂಬುದು ಮೈಸೂರು, ಬೆಂಗಳೂರು ಕಡೆಯ ಮಾತು. ನಮ್ಮ ಕಡೆ ‘ಎರಡು ತಾಸು ಕುಂತೆ’ ಎನ್ನುತ್ತೇವೆ, ‘ಎರಡು ಗಂಟೆಗೆ ಬಂದೆ’ ಎನ್ನುತ್ತೇವೆ. ಗಂಟೆ ಎಂದರೆ ‘ತ್ಯೆನ್’, ತಾಸು ಎಂದರೆ ‘ಶ್ಯಾವ್‌ಷಿ’ ಎಂದು ಒಂದೇ ಸಾಲಿನಲ್ಲಿ ಬರೆದುಕೊಂಡು ಈ ಪಾಠವನ್ನು ನಾನು ಮುಗಿಸಿದೆ. ಅದೇ ರೀತಿ 7:45ಕ್ಕೆ ನಮ್ಮಲ್ಲಿ ‘ಪೌಣೆ ಎಂಟು’ ಎನ್ನುವವರೂ ಇದ್ದಾರೆ. ಚೀನೀಯರಲ್ಲೂ ಆ ದಾರಿ ಇದೆ: ‘ಛಾ ಯೀ ಖ ಪಾ ತ್ಯೆನ್’, ಅಂದರೆ ‘ಕಾಲು ಕಡಿಮೆ ಎಂಟು’. ‘ಛಾ’ ಎಂದರೆ ಕಡಿಮೆ ಬೀಳುವುದು. ‘ಎಂಟಕ್ಕೆ ಐದು ನಿಮಿಷ ಬಾಕಿ’ ಎಂಬುದು ‘ಛಾ ವೂ ಫನ್ ಪಾ ತ್ಯೆನ್’ ಆಗುತ್ತದೆ; ಇದನ್ನೇ ತಿರುಗಿಸಿ ‘ಪಾ ತ್ಯೆನ್ ಛಾ ವೂ ಫನ್’ ಎಂದರೂ ನಡೆಯುತ್ತದೆ. ಆದರೆ ಮಾರುಕಟ್ಟೆಯಲ್ಲಿ ನನ್ನ ಕಿವಿಗೆ ಬೀಳುವುದು ಬಹುಮಟ್ಟಿಗೆ ‘ಛೀ ತ್ಯೆನ್ ಸಿಷಿವೂ’, ಅಂದರೆ ನೇರವಾಗಿ ಏಳು ನಲವತ್ತೈದು. ಖ, ಛಾ ಎಲ್ಲ ಕೇಳಿದರೆ ತಿಳಿಯುವಷ್ಟಿದ್ದರೆ ಸಾಕು.

ಕಲಿಯುವವರಿಗೆ ನಾನು ಕೊಡುವ ಎಚ್ಚರಿಕೆ ಬೇರೆಯದು. ನಾಲ್ಕು ‘ಸಿ’, ಹತ್ತು ‘ಷಿ’. ಕನ್ನಡದಲ್ಲಿ ಬರೆದರೆ ಸ, ಷ ಎಂದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ದಕ್ಷಿಣ ಚೀನಾದ ಬಹಳ ಜನ ನಾಲಿಗೆಯನ್ನು ಮೇಲಕ್ಕೆ ಮಡಚುವುದಿಲ್ಲ. ಅವರ ಬಾಯಲ್ಲಿ ಎರಡೂ ‘ಸಿ’. ಉಳಿಯುವ ವ್ಯತ್ಯಾಸ ಟೋನ್, ಅಂದರೆ ದನಿಯ ಏರಿಳಿತ, ಒಂದೇ: ನಾಲ್ಕು ಮೇಲಿನಿಂದ ಕೆಳಕ್ಕೆ ಬೀಳುತ್ತದೆ, ಹತ್ತು ಕೆಳಗಿನಿಂದ ಮೇಲಕ್ಕೇರುತ್ತದೆ. ನಾನು ಹೋದ ಮೊದಲ ವರ್ಷ ಒಂದು ಗೋದಾಮಿನಲ್ಲಿ ಸರಕು ತುಂಬಿಸಲು ‘ಸಿ ತ್ಯೆನ್’ಗೆ ಬನ್ನಿ ಎಂದರು. ನಾನು ಮಧ್ಯಾಹ್ನದ ಮೇಲೆ ನಾಲ್ಕಕ್ಕೆ ಹೋದೆ. ಲಾರಿ ಬೆಳಗ್ಗೆ ಹತ್ತಕ್ಕೆ ಬಂದು, ಕಾದು, ಹಿಂದಿರುಗಿತ್ತು. ಅಂದಿನಿಂದ ಯಾರಾದರೂ ಆ ಸದ್ದು ಮಾಡಿದ ಕೂಡಲೇ ಎರಡು ತೋರುಬೆರಳುಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು ತೋರಿಸುತ್ತೇನೆ. ಅದು ಅವರಲ್ಲಿ ಹತ್ತರ ಸನ್ನೆ. ಬರೆಯುವಾಗಲೂ ಹತ್ತು ಎಂದರೆ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ, ಅಷ್ಟೇ. ಅವರ ಮಕ್ಕಳಿಗೂ ಇದು ಕಷ್ಟ ಎಂಬುದಕ್ಕೆ ಸಾಕ್ಷಿಯಾಗಿ ಒಂದು ನಾಲಿಗೆ ತಿರುಚುವ ಪದ್ಯವಿದೆ: ನಾಲ್ಕು ನಾಲ್ಕೇ, ಹತ್ತು ಹತ್ತೇ, ಹದಿನಾಲ್ಕು ಹದಿನಾಲ್ಕೇ, ನಲವತ್ತು ನಲವತ್ತೇ. ‘ಸಿ ಷಿ ಸಿ, ಷಿ ಷಿ ಷಿ’ ಎಂದು ಅದು ಸಾಗುತ್ತದೆ.

ಸಂಜೆ ತರಗತಿಯ ಬೋಧಕಿ

ತಾಸಿನ ತಿದ್ದುಪಡಿಯನ್ನು ಸಂತೋಷದಿಂದ ಒಪ್ಪಿಕೊಂಡೆ. ಮುಂದಿನ ತರಗತಿಯಲ್ಲಿ ನಿಮ್ಮ ಹೆಸರು ಹೇಳದೆಯೇ ಬಳಸುತ್ತೇನೆ, ಕ್ಷಮಿಸಿ.

ಸದ್ದಿನ ಮಾತು ಬಂದದ್ದರಿಂದ ಇನ್ನೊಂದು ಸೇರಿಸುತ್ತೇನೆ. ಪಠ್ಯಪುಸ್ತಕಗಳ ರೋಮನ್ ಬರಹದಲ್ಲಿ ಗಂಟೆಯ ಪದಕ್ಕೆ ‘ಡಿ’ ಅಕ್ಷರವಿರುತ್ತದೆ, ನಾವು ‘ಡಿಯಾನ್’ ಎಂದು ಓದಿಬಿಡುತ್ತೇವೆ. ಚೀನೀಯರ ಬಾಯಲ್ಲಿ ಅದು ಅಲ್ಪಪ್ರಾಣದ ತಕಾರ. ‘ದಿನ’ ಎಂಬುದಕ್ಕಿರುವ ಪದದಲ್ಲಿ ಬರುವುದು ಮಹಾಪ್ರಾಣದ ಥಕಾರ. ‘ಸಾನ್ ತ್ಯೆನ್’ ಎಂದರೆ ಮೂರು ಗಂಟೆ, ‘ಸಾನ್ ಥ್ಯೆನ್’ ಎಂದರೆ ಮೂರು ದಿನ. ಟೋನ್ ಕೂಡ ಬೇರೆ, ನಿಜ. ಆದರೆ ಮೊದಲು ಉಸಿರನ್ನು ಸರಿಪಡಿಸಿಕೊಳ್ಳಬೇಕು. ಮಹಾಪ್ರಾಣ ನಮ್ಮ ಲಿಪಿಯಲ್ಲಿದೆ, ನಾಲಿಗೆಯಲ್ಲಿ ಎಲ್ಲರಿಗೂ ಇಲ್ಲ. ‘ಭಾರತ’ವನ್ನು ‘ಬಾರತ’ ಎನ್ನುವ ಅಭ್ಯಾಸವಿದ್ದವರು ಮೂರು ದಿನ ಬಿಟ್ಟು ಭೇಟಿಯಾಗೋಣ ಎಂದು ಹೇಳಹೋಗಿ ಮೂರು ಗಂಟೆಗೇ ಕಾಯಿಸಿಯಾರು.

ಟೋನ್‌ಗಳಲ್ಲಿ ಒಂದು ನಿಯಮ ಗಡಿಯಾರದ ಪಾಠಕ್ಕೆ ತಪ್ಪದೆ ಬೇಕು. ‘ತ್ಯೆನ್’ ಮೂರನೇ ಟೋನ್‌ನದು, ಕೆಳಗಿಳಿದು ನಿಲ್ಲುವಂಥದು. ಅದರ ಹಿಂದೆ ಇನ್ನೊಂದು ಮೂರನೇ ಟೋನ್‌ನ ಪದ ಬಂದರೆ ಆ ಹಿಂದಿನದು ಏರುಧ್ವನಿಗೆ ತಿರುಗುತ್ತದೆ. ‘ವೂ’ (ಐದು), ‘ಚ್ಯೋ’ (ಒಂಬತ್ತು), ‘ಲ್ಯಾಂಗ್’ (ಎರಡು), ‘ಚೀ’ (ಎಷ್ಟು) ಇವೆಲ್ಲ ಮೂರನೇ ಟೋನ್‌ನವೇ ಆದ್ದರಿಂದ ಗಂಟೆ ಕೇಳುವ ಪ್ರಶ್ನೆಯಲ್ಲೇ ಈ ನಿಯಮ ಎದುರಾಗುತ್ತದೆ. ‘ಯೀ’ (ಒಂದು) ಇನ್ನೂ ಚಂಚಲ: ‘ಯೀ ತ್ಯೆನ್’ ಎನ್ನುವಾಗ ಬೀಳುತ್ತದೆ, ‘ಯೀ ಖ’ ಎನ್ನುವಾಗ ಏರುತ್ತದೆ. ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದರಿಂದ ಹನ್ನೆರಡರವರೆಗೆ ಗಂಟೆಗಳನ್ನು ಮಗ್ಗಿಯ ಹಾಗೆ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುವುದು ಲೇಸು.

ಪ್ರಶ್ನೆಯ ಬಗ್ಗೆಯೂ ಒಂದು ಮಾತು. ಪುಸ್ತಕದಲ್ಲಿ ‘ಶ್ಯೆನ್‌ತ್ಸಾಯ್ ಚೀ ತ್ಯೆನ್’ (ಈಗ ಎಷ್ಟು ಗಂಟೆ) ಎಂದಿರುತ್ತದೆ. ಜನ ‘ಚೀ ತ್ಯೆನ್ ಲ?’ ಎಂದು ಕೇಳುವುದೂ ಅಷ್ಟೇ ಸಾಮಾನ್ಯ. ಕೊನೆಯ ಆ ‘ಲ’ ಏನೆಂದು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ಪುಟ ಬೇಕು. ಕನ್ನಡದಲ್ಲಿ ಒಂದೇ ಪದ ಸಾಕು: ‘ಗಂಟೆ ಎಷ್ಟಾಯಿತು?’ ಎನ್ನುವಾಗಿನ ‘ಆಯಿತು’.

ಹಳೆಯ ಪಂಚಾಂಗ

ನನಗೆ ಚೀನೀ ಭಾಷೆ ಮಾತನಾಡಲು ಬರುವುದಿಲ್ಲ. ಕಾಲಮಾಪನದ ಇತಿಹಾಸದಲ್ಲಿ ಆಸಕ್ತಿಯಿದೆ. ಇಲ್ಲಿ ಬಂದ ಪದಗಳ ಹಿಂದಿನ ಕಥೆ ಗೊತ್ತಿದ್ದರೆ ನೆನಪಿಟ್ಟುಕೊಳ್ಳುವುದು ಸುಲಭವಾಗಬಹುದು.

‘ಖ’ ಎಂದರೆ ಮೂಲದಲ್ಲಿ ಕೊರೆಯುವುದು, ಕೆತ್ತುವುದು. ಜಲಗಡಿಯಾರದ ಪಾತ್ರೆಯಲ್ಲಿ ತೇಲುವ ಕಡ್ಡಿಯ ಮೇಲೆ ಗೆರೆಗಳನ್ನು ಕೊರೆದಿರುತ್ತಿದ್ದರು; ನೀರಿನೊಂದಿಗೆ ಕಡ್ಡಿ ಮೇಲೇಳುತ್ತ ಎಷ್ಟು ಗೆರೆ ಕಂಡಿತೆಂದು ನೋಡುತ್ತಿದ್ದರು. ಹಗಲು ರಾತ್ರಿ ಸೇರಿ 100 ಖ, ಆದ್ದರಿಂದ ಒಂದು ಖ ಎಂದರೆ ಇಂದಿನ ಲೆಕ್ಕದಲ್ಲಿ 14 ನಿಮಿಷ 24 ಸೆಕೆಂಡು. ನಮ್ಮ ಗಳಿಗೆ 24 ನಿಮಿಷ, ದಿನಕ್ಕೆ 60. ಅವರಲ್ಲಿ ಕಡ್ಡಿ ಮೇಲೇಳುತ್ತಿತ್ತು, ನಮ್ಮಲ್ಲಿ ತೂತಿನ ಗಳಿಗೆ ಬಟ್ಟಲು ಮುಳುಗುತ್ತಿತ್ತು. ಮೇಲೆ ಬಂದ ‘ತಾಸು’ ಕೂಡ ಬಟ್ಟಲೆಂಬ ಅರ್ಥದ ಪಾರಸಿ ಪದದಿಂದ ಬಂದದ್ದು.

ಇದರ ಜೊತೆಗೆ ಚೀನೀಯರು ದಿನವನ್ನು ‘ಷಿಛೆನ್’ ಎಂಬ ಹನ್ನೆರಡು ಭಾಗಗಳಾಗಿಯೂ ಮಾಡಿದ್ದರು, ಒಂದೊಂದೂ ಇಂದಿನ ಎರಡು ಗಂಟೆಯಷ್ಟು. ನೂರನ್ನು ಹನ್ನೆರಡರಿಂದ ಭಾಗಿಸಿದರೆ ಸಮ ಬರುವುದಿಲ್ಲ. ಈ ತೊಡಕು ಶತಮಾನಗಳ ಕಾಲ ಹಾಗೆಯೇ ಇತ್ತು. ಛಿಂಗ್ ರಾಜವಂಶದ ಕಾಲದಲ್ಲಿ, ಜರ್ಮನ್ ಜೆಸ್ಯೂಟ್ ಪಾದ್ರಿ ಆಡಮ್ ಶಾಲ್ ಅವರ ಹೊಣೆಯಲ್ಲಿ ಸಿದ್ಧವಾಗಿ 1645ರಲ್ಲಿ ಜಾರಿಗೆ ಬಂದ ಪಂಚಾಂಗವು ದಿನಕ್ಕೆ 96 ಖ ಎಂದು ಮಾಡಿತು. ಅಲ್ಲಿಂದ ಖ ಸರಿಯಾಗಿ 15 ನಿಮಿಷವಾಯಿತು.

ಮುಂದೆ ಪಾಶ್ಚಾತ್ಯ ಗಂಟೆಯ ಲೆಕ್ಕ ಬಂದಾಗ ಅದು ಷಿಛೆನ್‌ನ ಅರ್ಧದಷ್ಟಿತ್ತು. ಆದ್ದರಿಂದಲೇ ‘ಶ್ಯಾವ್‌ಷಿ’, ಅಕ್ಷರಶಃ ಸಣ್ಣ ಷಿ. ರಾತ್ರಿಯನ್ನು ಮಾತ್ರ ಐದು ಜಾವಗಳಾಗಿ ಹಂಚಿ, ಒಂದೊಂದು ಜಾವವನ್ನು ಐದು ‘ತ್ಯೆನ್’ಗಳಾಗಿ ಮಾಡುತ್ತಿದ್ದರು; ತ್ಯೆನ್ ಎಂದರೆ ಚುಕ್ಕೆ. ಬೀಜಿಂಗ್‌ನಲ್ಲಿ ಇಂದಿಗೂ ನಗಾರಿಯ ಗೋಪುರ, ಗಂಟೆಯ ಗೋಪುರ ಎರಡೂ ಒಂದರ ಹಿಂದೊಂದು ನಿಂತಿವೆ, ಊರಿಗೆಲ್ಲ ಸಮಯ ಸಾರಲು ಕಟ್ಟಿದಂಥವು. ‘ಸಾನ್ ತ್ಯೆನ್ ಚುಂಗ್’ ಎಂದು ಪೂರ್ತಿಯಾಗಿ ಹೇಳುವಾಗ ಕೊನೆಗೆ ಬರುವ ‘ಚುಂಗ್’ ಎಂದರೆ ಬಾರಿಸುವ ಗಂಟೆ. ನಾವು ‘ಮೂರು ಗಂಟೆ ಹೊಡೆಯಿತು’ ಎನ್ನುವಾಗ ಹೊಡೆದದ್ದೂ ಅದೇ ಕಂಚಿನ ಗಂಟೆ.

ಮೂರನೇ ಪಾಠದವನು

ಇಷ್ಟೊಂದು ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ. ಮುಕ್ಕಾಲಿನ ದಾರಿ ಹಿಡಿದ ಮೇಲೆ ಗಡಿಯಾರದ ಚಿತ್ರ ನೋಡಿ ಹೇಳುವುದು ಬಂದಿದೆ. ಈಗಿನ ತೊಡಕು ‘ಸಂಜೆ’ ಎಂಬುದಕ್ಕೆ ಯಾವ ಪದ ಎಂಬುದು. ಐದು ಗಂಟೆಗೆ ಒಂದು ಪದ, ಏಳು ಗಂಟೆಗೆ ಇನ್ನೊಂದು ಪದ ಕಾಣುತ್ತಿದೆ.

ಆಸ್ಪತ್ರೆಯ ಕೋಟು

ನಾನು ಚೀನಾದಲ್ಲಿ ವೈದ್ಯಕೀಯ ಓದಿ ಬಂದವಳು. ದಿನದ ಭಾಗಗಳನ್ನು ಮುಂದೆ ಹಾಕಿ ಗಂಟೆಯನ್ನು ಆಮೇಲೆ ಹೇಳುವುದು ಕನ್ನಡದ ಕ್ರಮವೇ: ‘ನಾಳೆ ಬೆಳಗ್ಗೆ ಎಂಟು ಗಂಟೆ’ ಎಂಬುದನ್ನು ಪದಕ್ಕೆ ಪದ ಹಾಗೆಯೇ ಇಡಬಹುದು. ಆದರೆ ಭಾಗಗಳ ಗಡಿ ಬೇರೆ. ಬೆಳಗ್ಗೆ ಬೇಗನೆಯದು ‘ತ್ಸಾವ್‌ಷಾಂಗ್’, ಕೆಲಸದ ವೇಳೆಯ ಮುಂಜಾನೆ ‘ಷಾಂಗ್‌ವೂ’, ನಡುಹಗಲು ‘ಚುಂಗ್‌ವೂ’, ಅದರ ನಂತರದ್ದು ‘ಶ್ಯಾವೂ’. ಈ ‘ವೂ’ ಐದಲ್ಲ. ಪಂಚಾಂಗದವರು ಹೇಳಿದ ಹನ್ನೆರಡು ಷಿಛೆನ್‌ಗಳಲ್ಲಿ 11ರಿಂದ 1ರವರೆಗಿನದರ ಹೆಸರು. ನಮ್ಮ ಸಂಜೆ ಐದು ಅವರಿಗೆ ಇನ್ನೂ ‘ಶ್ಯಾವೂ’. ಆರರ ಆಸುಪಾಸಿನಿಂದ ‘ವಾನ್‌ಷಾಂಗ್’ ಶುರುವಾಗಿ ಮಲಗುವವರೆಗೂ ನಡೆಯುತ್ತದೆ. ಹಾಗಾಗಿ ನಮ್ಮ ಸಂಜೆ ಅವರ ಎರಡು ಪದಗಳ ನಡುವೆ ಸೀಳಿಹೋಗುತ್ತದೆ. ಮುಸ್ಸಂಜೆಗೆ ‘ಪಾಂಗ್‌ವಾನ್’ ಎಂಬ ಪದವಿದೆ, ಆದರೆ ಗಂಟೆಯ ಜೊತೆ ಅಷ್ಟಾಗಿ ಬಳಸುವುದಿಲ್ಲ.

ನನಗೆ ಪೆಟ್ಟು ಬಿದ್ದದ್ದು ‘ಲಿಂಗ್‌ಛೆನ್’ ಎಂಬ ಪದದಿಂದ. ಮಧ್ಯರಾತ್ರಿ ಕಳೆದು ಬೆಳಗಾಗುವವರೆಗಿನ ಹೊತ್ತು ಅದು, ನಮ್ಮ ‘ಬೆಳಗಿನ ಜಾವ’. ರಜೆಗೆ ಊರಿಗೆ ಬರುವಾಗ ವಿಮಾನ ನಿಲ್ದಾಣಕ್ಕೆ ಕಾರು ಗೊತ್ತುಮಾಡಿದ್ದೆ. ಚಾಲಕ ಫೋನಿನಲ್ಲಿ ‘ಗುರುವಾರ ಲಿಂಗ್‌ಛೆನ್ ಲ್ಯಾಂಗ್ ತ್ಯೆನ್’ ಎಂದು ಖಚಿತಪಡಿಸಿಕೊಂಡ. ನಾನೂ ಹೂಂ ಎಂದೆ. ನನ್ನ ತಲೆಯಲ್ಲಿದ್ದದ್ದು ‘ಗುರುವಾರ ರಾತ್ರಿ ಎರಡು ಗಂಟೆ’. ಗುರುವಾರ ಹಗಲೆಲ್ಲ ಪೆಟ್ಟಿಗೆ ಕಟ್ಟುತ್ತ ಕುಳಿತೆ. ವಿಮಾನ ಆ ದಿನ ನಸುಕಿನಲ್ಲೇ ಹೋಗಿತ್ತು, ಚಾಲಕನ ಆರು ಕರೆಗಳು ನಿದ್ದೆಯಲ್ಲಿ ತಪ್ಪಿಹೋಗಿದ್ದವು. ಕನ್ನಡದಲ್ಲಿ ರಾತ್ರಿ ಎರಡು ಎಂದರೆ ಮಲಗಿದ ದಿನದ ಲೆಕ್ಕಕ್ಕೆ ಸೇರಿಸುವ ಅಭ್ಯಾಸ ನಮಗೆ. ‘ಲಿಂಗ್‌ಛೆನ್’ ಏಳುವ ದಿನದ ಲೆಕ್ಕಕ್ಕೆ ಸೇರುತ್ತದೆ.

ಇಪ್ಪತ್ನಾಲ್ಕು ಗಂಟೆ

ಎಲ್ಲರೂ ಇಷ್ಟು ಕಷ್ಟಪಡುವುದೇಕೆ ಎಂಬುದು ನನ್ನ ಪ್ರಶ್ನೆ. ಟಿಕೆಟ್ಟಿನಲ್ಲಿ, ಫೋನಿನಲ್ಲಿ, ನಿಲ್ದಾಣದ ಫಲಕದಲ್ಲಿ ಎಲ್ಲ ಕಡೆ 15:30 ಎಂದೇ ಇರುತ್ತದೆ. ಅಂಕಿ ಓದಲು ಬಂದರೆ ಸಾಕಲ್ಲವೇ?

ಆಸ್ಪತ್ರೆಯ ಕೋಟು

ಓದಲು ಸಾಕು, ಕೇಳಲು ಸಾಲದು. ನಿಲ್ದಾಣದ ಘೋಷಣೆಯಲ್ಲಿ, ಸುದ್ದಿಯಲ್ಲಿ ‘ತ್ಯೆನ್’ ಬದಲು ಬರಹದ ಪದವಾದ ‘ಷಿ’ ಬರುತ್ತದೆ. ಅದರ ಸದ್ದು ಹತ್ತು ಎಂಬ ‘ಷಿ’ಯದೇ, ಟೋನ್ ಕೂಡ ಅದೇ. ನಿಮ್ಮ 15:30 ‘ಷಿವೂ ಷಿ ಸಾನ್‌ಷಿ ಫನ್’ ಎಂದು ಕೇಳಿಸುತ್ತದೆ. ಹತ್ತು ಗಂಟೆಯಂತೂ ಬರೀ ‘ಷಿ ಷಿ’.

ಹುಬ್ಬಳ್ಳಿಯಿಂದ ಗುವಾಂಗ್‌ಝೌಗೆ

ಇಪ್ಪತ್ನಾಲ್ಕು ಗಂಟೆಯವರಿಗೆ ಇನ್ನೊಂದು ಮಾತು. ಚೀನಾದ ಗಡಿಯಾರ ದೇಶಕ್ಕೆಲ್ಲ ಒಂದೇ, ಅದನ್ನು ಬೀಜಿಂಗ್ ಸಮಯ ಎನ್ನುತ್ತಾರೆ. ನಮಗಿಂತ ಎರಡೂವರೆ ತಾಸು ಮುಂದೆ. ಅಲ್ಲಿ ಊಟದ ಹನ್ನೆರಡು ಆದಾಗ ಹುಬ್ಬಳ್ಳಿಯಲ್ಲಿ ಒಂಬತ್ತೂವರೆ, ನಾಷ್ಟಾ ಮುಗಿದಿರುತ್ತದೆ. ಪಶ್ಚಿಮದ ತುದಿಯ ಶಿನ್‌ಜಿಯಾಂಗ್‌ನಲ್ಲಿ ಸೂರ್ಯ ತಡವಾಗಿ ಹುಟ್ಟುವುದರಿಂದ ಎರಡು ತಾಸು ಹಿಂದಿನ ಸ್ಥಳೀಯ ಸಮಯವನ್ನೂ ಜನ ಬಳಸುತ್ತಾರೆ. ಅಲ್ಲಿನವರೊಡನೆ ವ್ಯವಹರಿಸುವಾಗ ಯಾವ ಸಮಯ ಎಂದು ಕೇಳಿಯೇ ಬರೆದುಕೊಳ್ಳಬೇಕು.

ಗುವಾಂಗ್‌ಝೌ, ಹಾಂಗ್‌ಕಾಂಗ್ ಕಡೆಯ ಕ್ಯಾಂಟನೀಸ್‌ನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಐದು ನಿಮಿಷಕ್ಕೆ ‘ಒಂದು ಅಕ್ಷರ’ ಎನ್ನುತ್ತಾರೆ, ಗಡಿಯಾರದ ಮುಖದ ಮೇಲಿನ ಒಂದೊಂದು ಅಂಕಿ ಒಂದೊಂದು ಅಕ್ಷರ. ‘ಮೂರು ಗಂಟೆ ಮೂರು’ ಎಂದರೆ 3:03 ಅಲ್ಲ, 3:15. ಹಾಂಗ್‌ಕಾಂಗ್‌ನ ಕಟ್ಟಡ ಕೆಲಸಗಾರರ ಚಹಾದ ಬಿಡುವಿಗೆ ಆ ಸಮಯದ ಹೆಸರೇ ಇದೆ.

ಮೂರನೇ ಪಾಠದವನು

ಈ ವಾರದ ಅಭ್ಯಾಸವನ್ನು ಇಲ್ಲಿ ಇಡುತ್ತಿದ್ದೇನೆ, ತಿದ್ದಬೇಕೆಂದು ಬೋಧಕಿಯವರಲ್ಲಿ ವಿನಂತಿ. ‘ನಾನು ತ್ಸಾವ್‌ಷಾಂಗ್ ಲ್ಯೋ ತ್ಯೆನ್ ಪಾನ್ ಏಳುತ್ತೇನೆ.’ ‘ಶ್ಯಾವೂ ವೂ ತ್ಯೆನ್ ಸಾನ್ ಖ ಕೆಲಸ ಮುಗಿಯುತ್ತದೆ.’ ‘ನಿನ್ನೆ ನಾನು ಒಂದೂವರೆ ತಾಸು ಓದಿದೆ’ ಎಂಬುದಕ್ಕೆ ‘ಯೀ ತ್ಯೆನ್ ಪಾನ್’ ಎನ್ನದೆ ‘ಯೀ ಕ ಪಾನ್ ಶ್ಯಾವ್‌ಷಿ’ ಎಂದು ಬರೆದು, ಕನ್ನಡದಂತೆ ಓದುವ ಕ್ರಿಯಾಪದದ ಮೊದಲು ಇಟ್ಟಿದ್ದೇನೆ.

ಸಂಜೆ ತರಗತಿಯ ಬೋಧಕಿ

ಮೊದಲ ಎರಡು ಸರಿ. ಮೂರನೆಯದರಲ್ಲಿ ಪದ ಸರಿ, ಜಾಗ ತಪ್ಪು. ಎಷ್ಟು ಗಂಟೆಗೆ ಎಂಬುದು ಕ್ರಿಯಾಪದದ ಮೊದಲು ಬರುತ್ತದೆ, ಎಷ್ಟು ತಾಸು ಎಂಬುದು ಕ್ರಿಯಾಪದದ ನಂತರ: ‘ನಾನು ನಿನ್ನೆ ಓದಿದೆ ಒಂದೂವರೆ ತಾಸು’ ಎಂಬ ಕ್ರಮದಲ್ಲಿ. ಕನ್ನಡ ಇಲ್ಲಿ ಮಾತ್ರ ಕೈಕೊಡುತ್ತದೆ. ಬದಲಾಯಿಸಿ ಬರೆಯಿರಿ, ಈ ಸಲ ಕೆಂಪು ಗೆರೆ ಒಂದೇ.